ವಾಪಸ್ ಬಂದ ಹೊಲಿಗೆ

ಕಾಪಿ ಗೀಪಿ ಏನೂ ಬ್ಯಾಡ ಕಣವ್ವ ರಂಜಿನಿ, ಕೂತ್ಕೊ ನೀನು. ಬ್ಯಾಡ ಅಂದ್ರೆ ಬ್ಯಾಡ! ಆಚೆ ಕಾರಲ್ಲಿ ನಂಜೇಶ್ ಸಾರು ಕಾಯ್ತಾವ್ರೆ. ಸೂಪರ್‌ವೈಸರ್ರು ತಾವೇ ನಿಮ್ಮೂರು ಸೋಸಲೆಗಂಟ ಬಂದವ್ರೆ ಅಂದ್ರೆ ನಿನ್ ಮ್ಯಾಲೆ ಎಷ್ಟು ಮರ್ಯಾದೆ ಮಡಿಕಂಡವ್ರೆ, ನೋಡು. ಒಳಕ್ಕೆ ಬರ್ತೀನಿ ಅಂದ್ರು, ನಾನೇ ಬ್ಯಾಡ ಅಂದೆ. ‘ಮಂಚಮ್ಮ, ನಿಮ್ ಮಾತಾದ್ರೆ ಅವ್ಳು ಕೇಳ್ತಾಳೆ’ ಅಂದ್ರು. ಕೇಳ್ತೀಯಾ ತಾನೆ?... ಏನವ್ವ, ಇಂಗೆ ಕಲ್ಲಂಗೆ ಕೂತ್ಬುಟ್ರೆ?

ಸರಿ, ಮಾತಾಡ್ಬೇಡ. ನಾನೇ ಆಡ್ತೀನಿ. ನಿನ್ನ ಮನೇಗೆ ಕಳ್ಸಿ ನಾಕು ದಿನಾಯ್ತು. ನಾಕು ದಿನದಿಂದ ನಿನ್ ಮಿಷನ್ ಮ್ಯಾಲೆ ಬಟ್ಟೆ ಮುಚ್ಚವ್ರೆ. ನಂಗೆ ಅನ್ನ ಇಳೀತಿಲ್ಲ ಕಣೇ, ನಿಜವಾಗ್ಲೂ. ನಮ್ ಮನೆಯೋರ್ನ ಕೇಳು ಬೇಕಾದ್ರೆ.

ಈ ಕಾಗ್ದ ನೋಡು. ಇದ್ರಲ್ಲೇನಿಲ್ಲ. ‘ಬಿಸಿ ತಡಿಯಾಕೆ ರಾಕೆಟ್ ಇಂಜಿನ್‌ಗೆ ಸುತ್ತೋ ಬ್ಲಾಂಕೆಟ್ಟಲ್ಲಿ ಬಿಟ್ಕಂಡ ಒಲಿಗೆ ನಂದೇ, ನನ್ ಅಜಾಗ್ರತೆ, ತಪ್ಪಾಯ್ತು’ ಅಂತ. ಅಷ್ಟೇಯ. ಕೆಲ್ಸ ಏನೂ ಓಗಕಿಲ್ಲ. ಒಲಿಗೆಯಿಂದ ತಗ್ದು ಪ್ಯಾಕಿಂಗಿಗೆ ಆಕ್ತಾರೆ. ಪ್ಯಾಕಿಂಗ್ ಅಂದ್ರೇನು ಕೀಳಾ? ಆರಾಮಾಗಿ ಕೂತ್ಕಂಡು... ಅಲ್ಲ, ನಿಂತ್ಕಂಡೇ ಮಾಡ್ಬೇಕು, ಆದ್ರೂ ಕಣ್ಣು ಉರಿಯಾಕಿಲ್ಲ. ಯಾಕೆ, ಯಾಕಂಗೆ ಮುಖ ತಿರುವ್ತೀಯಾ? ನಾನೇನು ಬ್ಯಾಡದ್ದು ಅಂದ್ನಾ?

ಗೊತ್ತು ಕಣವ್ವ. ಎರಡು ಬಸ್ ಬದ್ಲಾಯ್ಸಿ ನಂಜನಗೂಡಿಗೆ ಬಂದು ಆ ಕೆಲ್ಸ ಕಲ್ತೋಳು ನೀನು. ಕಲ್ಸಿದ್ದು ಯಾರು? ನಾನೇ. ಬದನವಾಳು ಖಾದಿ ಕೇಂದ್ರದಲ್ಲಿ ಇಪ್ಪತ್ತು ವರ್ಷ ರಾಟೆ ತಿರುಗ್ಸಿದೋಳು ನಾನು, ಈ ಬೆರಳು ನೋಡ್ಬುಟ್ಟೇ ಕಂಪ್ನಿಯೋರು ಕರ್ಕಂಡಿದ್ದು. ರಾಟೆ ಮಂಚಮ್ಮ ರಾಕೆಟ್ಟಿಗೆ ಒಲೀತಾಳೆ ಅಂತ ಪೇಪರ್ನಲ್ಲಿ ಫೋಟೋ ಬಂದಾಗ ಲಾಡು ಅಂಚ್ದೋಳು ನೀನೇ ಅಲ್ವಾ?

ಎಲ್ಲಾ ಈ ವಾಪಸ್ ಬರೋ ರಾಕೆಟ್ಟಿಂದಾನೇ ಆಗಿದ್ದು! ಮೊದ್ಲು ಎಷ್ಟು ಚೆಂದಾಗಿತ್ತು. ನಾವು ಒಲ್ದು ಕಳ್ಸೋದು, ಅದು ಮ್ಯಾಲಕ್ಕೋಗಿ ಉರ್ದು ಸಮುದ್ರಕ್ಕೆ ಬೀಳೋದು, ನಾವು ಟಿವಿ ನೋಡ್ಕಂಡು ಚಪ್ಪಾಳೆ ತಟ್ಟೋದು. ಯಾವ ಒಲಿಗೆ ಎಂಗಿತ್ತು ಅಂತ ಮೀನ್ಗಳನ್ನೇ ಕೇಳ್ಬೇಕಾಗಿತ್ತು. ಈಗ? ಓಗಿ, ತಿರ್ಗಾ ಬಂದು, ನೆಟ್ಟಗೆ ನಿಂತ್ಕತದೆ. ಅದನ್ನೇ ಒರ್ಸಿ, ರಿಪೇರಿ ಮಾಡಿ, ಇನ್ನೂ ಎಂಟತ್ತು ಸಲ ಬಿಡ್ತಾರಂತೆ. ಗಂಡನ್ ಮನೇಗೆ ಕಳ್ಸಿದ ಮಗ್ಳು ತಿರ್ಗಾ ಬಂದು ಜಗ್ಲಿ ಮ್ಯಾಲೆ ಕೂತಂಗೆ ನಮ್ ಬ್ಲಾಂಕೆಟ್ಟು ವಾಪಸ್ ಬಂತಲ್ಲವ್ವ! ಒಂದು ಗೇಣು ಬಾಯ್ಬುಟ್ಕಂಡು... ಒಳಗಿನ ವೈರು ಕರ್ರಗೆ ಸೀದೋಗಿ... ಮೂಲೇಲಿ ಒಲ್ದೋಳ ನಂಬ್ರ ಅಂತ ನಿನ್ ನಂಬ್ರ.

ನಿನ್ನ ಕರ್ದು ತೋರ್ಸುದ್ರಂತೆ. ಬಗ್ಗಿ ನೋಡ್ದೆಯಂತೆ, ಬೆರಳಿಟ್ಟು ಮುಟ್ಟುದ್ಯಂತೆ, ಒಂದು ಮಾತೂ ಆಡ್ನಿಲ್ವಂತೆ. ಯಾಕೆ ಆಡ್ನಿಲ್ಲ?... ಇಲ್ಲ ಇಲ್ಲ, ಸುಮ್ನೆ ಕೇಳ್ದೆ.

ಆತ್ರ ಯಾಕೆ ಅಂದ್ರೆ... ಇಷ್ಟು ದಿನ ವರ್ಷಕ್ಕೆ ನಾಕೋ ಐದೋ ರಾಕೆಟ್ ಬಿಡ್ತಿದ್ರು, ಇನ್ಮ್ಯಾಲೆ ತಿಂಗ್ಳಿಗೆ ಎರಡಂತೆ. ಬಿಡೋ ಕಟ್ಟೆ ಇನ್ನೊಂದು ಕಟ್ತಾವ್ರಂತೆ. ನಮ್ ಶೆಡ್ಡಿಗೆ ಅರವತ್ತು ಜನ ಒಸ ಎಣ್ಮಕ್ಳು ಬತ್ತಾವ್ರೆ. ಅವ್ರಿಗೆ ಕಲ್ಸಾಕೆ ನನ್ನೇ ಆಕ್ತಾರಂತೆ. ಮಂಚಮ್ಮ ಮೇಡಂ! ಕೇಳುದ್ಯಾ?... ಸೋಮವಾರ ರಾಕೆಟ್ಟಿನೋರು ಬತ್ತಾರೆ. ಅಷ್ಟೊತ್ಗೆ ಯಾರ ತಪ್ಪು ಅಂತ ಕಾಗ್ದ ಇರ್ಬೇಕು. ಇಲ್ದಿದ್ರೆ ಒಬ್ಬೊಬ್ರನ್ನೇ ನಿಲ್ಸಿ ಕೇಳ್ತಾರಂತೆ. ಐವತ್ಮೂರು ವರ್ಷಕ್ಕೆ ನಾನು ಇನ್ನೆಲ್ಲಿಗೋಗ್ಲಿ?... ನಾನು ಅಂದ್ರೆ ನಾನಲ್ಲ. ನಾವೆಲ್ರೂ.

ಅಂಗ್ ನೋಡ್ಬೇಡ ಕಣೇ. ದಾರ ಯಾರಿಗೆ ಕಡಿಯಾಕಿಲ್ಲ, ಯೋಳು? ಅದೂ ಆ ಗಾಜಿನ ದಾರ! ರೂಲ್ಸು ನಂಗೂ ಗೊತ್ತು. ನಡುವೆ ಕಡಿದ್ರೆ ಇಡೀ ಒಲಿಗೆ ಬಿಚ್ಚಿ ಮೊದ್ಲಿಂದ ಒಲೀಬೇಕು, ಮೂರು ಗಂಟೆ ಕೆಲ್ಸ. ಐದು ಗಂಟೆಗೆ ಲಾರಿ ಓಗ್ಬೇಕು, ಬೇಗ ಬೇಗ ಅಂತ ತಲೆ ಮ್ಯಾಲೆ ನಿಂತವ್ರೆ, ನಾಕೂವರೆಗೆ ದಾರ ಕಡೀತು ಅಂದ್ರೆ ಎಂಗೆ ಬಿಚ್ಚೋದು? ಕೈ ತಾನಾಗೇ... ರಾಟೆ ಮುಂದೆ ಕೂತಂಗೆ... ಎರಡು ತುದಿ ಇಡ್ದು, ಒಸಿ ಉಗ್ಳು ಮುಟ್ಸಿ, ಎಬ್ಬೆಟ್ಟಲ್ಲಿ ಒಸೆದು ಸೇರ್ಸಿ...

ಏನು?

ಏನಂದೆ ನಾನು? ನಾಕೂವರೆ ಅಂದ್ನಾ?

ಆ ಬ್ಲಾಂಕೆಟ್ಟು ಒಲ್ದ ದಿನ ನೀನು ಎರಡು ಗಂಟೆಗೇ ಒಂಟೋದೆ. ಮಗೀಗೆ ಜ್ವರ ಅಂತ ಸ್ಕೂಲಿಂದ ಫೋನ್ ಬಂದಿತ್ತು. ‘ಓಗವ್ವ, ಉಳ್ದಿದ್ದು ನಾನು ಒಲ್ದಾಕ್ತೀನಿ, ನಿನ್ ನಂಬ್ರದಲ್ಲೇ ಓಗ್ಲಿ’ ಅಂದೋಳು... ನಾನೇ.

ರಂಜಿನಿ, ನಾನು ಬಂದಾಗಿಂದ ನೀನು ಕೇಳ್ಲೇ ಇಲ್ಲ. ಯಾವತ್ತಿನ ಬ್ಲಾಂಕೆಟ್ಟು, ಯಾಕೆ ಬಿಟ್ಕತ್ತು, ಎಂಗೆ ಬಿಟ್ಕತ್ತು ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ನೀನು ಕೇಳ್ನಿಲ್ಲ. ನಿಂಗೆ ಗೊತ್ತು. ಆ ಒಸೆದ ದಾರದ ಮ್ಯಾಲೆ ಬೆರಳಿಟ್ಟಾಗ್ಲೇ ಗೊತ್ತಾಗ್ಬುಟ್ಟದೆ. ಆ ಶೆಡ್ಡಲ್ಲಿ ಉಗ್ಳು ಅಚ್ಚಿ ನೂಲು ಒಸೆಯೋಳು ಇನ್ಯಾರವ್ರೆ? ನಾಕು ದಿನ ಯಾರ ಮುಂದೂ ಬಾಯಿ ಬಿಡ್ದೆ... ನಾನಾಗೇ ಬಂದು ಒಪ್ಕಳ್ಲಿ ಅಂತ ಕಾದ್ಯಾ? ನಾನು ಬಂದೆ ನೋಡು! ನಿನ್ ಸೈನ್ ಆಕ್ಸಾಕೆ ಬಂದೆ! ಥೂ, ನನ್ ಜನ್ಮಕ್ಕಿಷ್ಟು.

ಬಯ್ಯೇ! ಕೆನ್ನೆಗೆ ಎರಡು ಬಾರ್ಸು! ಇಂಗೆ ಸುಮ್ನಿರ್ಬೇಡ ಕಣವ್ವ, ನಾಚ್ಕೆ ಆಯ್ತದೆ, ತಡ್ಕಳಾಕಾಗ್ತಿಲ್ಲ...

ಯಾಕೆದ್ದೆ? ಎಲ್ಲಿಗೆ?... ಬಾಗ್ಲು ಯಾಕೆ ತೆಗೀತೀಯಾ? ಸಾರು ಇತ್ಲಾಗೇ ನೋಡ್ತಾವ್ರೆ ಕಣೇ! ಸರಿ, ಅಂಗಾದ್ರೆ ನೀನೇ ಯೋಳ್ಬುಡು. ನನ್ ಕೈಲಾಗಕಿಲ್ಲ. ಯೋಳು... ಯೋಳಕಿಲ್ವಾ? ಸುಮ್ನೆ ಬಾಗ್ಲು ಇಡ್ಕಂಡು ನಿಂತಿರ್ತೀಯಾ?... ರಂಜಿನಿ...

ಸಾ... ಒಸಿ ಒಳಕ್ಕೆ ಬನ್ನಿ ಸಾ. ಇಲ್ಲ ಸಾ, ಅವ್ಳು ಸೈನ್ ಆಕ್ನಿಲ್ಲ. ಆಕ್ಬೇಕಾಗಿರೋದು ನಾನು.