ಪುಸ್ತಕದಲ್ಲಿಲ್ಲದ ಹೆಸರು

ಬಾಣಾವರ ಸ್ಟೇಷನ್ನಿಗೆ ಅರಸೀಕೆರೆಗೆ ಹೋಗುವ ರೈಲು ಇನ್ನೂ ಬಂದಿರಲಿಲ್ಲ. ಬೆಣ್ಣೆಯ ಗಡಿಗೆಯನ್ನು ಮಗ್ಗುಲಲ್ಲಿಟ್ಟುಕೊಂಡು ಕೂತಿದ್ದ ಬೋರಮ್ಮನಿಗೆ, ಅದೇ ಕಲ್ಲುಬೆಂಚಿನ ಮೇಲಿದ್ದ ಇಬ್ಬರು ರೈತರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಅರಸೀಕೆರೆ ಟೆಂಟಿಗೆ ಬಂದಿರೋ ಕತ್ತಿವರಸೆ ಪಿಕ್ಚರ್ ಬಲು ಚೆನ್ನಾಗೈತಂತೆ ಕಣ್ಲಾ ಮರಿಯಣ್ಣ. ಕುದುರೆ ಕೋಟೆಗೋಡೆನೇ ಹಾರ್ತದಂತೆ.”

“ನಂಗೆ ನಿನ್ನ ಹಳೇ ನಗೆಚಿತ್ರದ ಪುಸ್ತಕವೇ ಚಂದ ಇತ್ತು ಕೆಂಚಪ್ಪ. ಜಗಲಿ ಮ್ಯಾಲೆ ಕೂತು ನೀನು ಓದ್ತಿದ್ರೆ ಊರೆಲ್ಲ ನಗೋರು.”

“ಆ ಪೆದ್ದ ಬಾವಿಗೆ ಬೀಳೋದು!”

“ಪೆದ್ದನ ಹೆಸರು ಮರಿಯಣ್ಣ ಅಂತ ಅಚ್ಚಾಗೈತೆ ಅಂದು ಬೆಟ್ಟು ಮಾಡಿ ತೋರಿಸ್ತಿದ್ದೆ. ನಂಗೆ ಅಕ್ಷರ ಬರಲ್ಲ, ನಂಬಿದ್ದೆ. ನಾನೂ ನಕ್ಕೆ. ನೆನ್ನೆ ನನ್ನ ಮಗಳು ಆ ಪುಸ್ತಕ ಓದಿದ್ಲು. ಆ ಪೆದ್ದನಿಗೆ ಅದರಾಗೆ ಹೆಸರೇ ಇಲ್ಲ.”

ಕೆಂಚಪ್ಪ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. “ತಮಾಸೆಗೆ ಹೇಳಿದ್ದು ಕಣೋ.”

“ಬ್ಯಾರೆಯವರಿಗೂ ಗೊತ್ತಿತ್ತಾ?”

“ಓದಕ್ಕೆ ಬರೋರಿಗೆ ಗೊತ್ತಿತ್ತು.”

“ನನ್ನ ಹೆಂಡ್ತಿ ತವರಲ್ಲೂ ನಂಗೆ ಪೆದ್ದ ಮರಿಯಣ್ಣ ಅಂತಾರೆ.”

ರೈಲು ಬಂದು ನಿಂತಿತು.

“ಏಳ್ಲಾ, ಜಾಗ ಹಿಡಿಯಾನ. ಟೆಂಟಿನಾಗೆ ಪಕ್ಕದಲ್ಲೇ ಕೂತು ಕಥೆ ಹೇಳ್ತೀನಿ.”

“ಬ್ಯಾಡ. ಅದು ಟಾಕಿ. ಅದೇ ಮಾತಾಡ್ತದೆ.”

ಮರಿಯಣ್ಣ ಹಿಂದಿನ ಡಬ್ಬಿಯತ್ತ ಒಬ್ಬನೇ ನಡೆದ.