ಕೆಂಪು ಶಾಯಿಯ ಸಾಲು

...ಇಲ್ಲ ಇಲ್ಲ, ಮೊದಲು ಕೂತ್ಕೊಳ್ಳಿ ಅಬ್ಬಾಸ್ ಅಲಿ ಸಾಹೇಬ್ರೆ. ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಇದ್ದೀರಿ, ಆ ಉಸಿರಲ್ಲೇ ಜಗಳ ಬೇರೆ ಆಡ್ಬೇಕಾ? ಏನು, ಜಗಳಕ್ಕೆ ಬಂದಿಲ್ವಾ? ಮತ್ತೆ ಯಾತಕ್ಕೆ ಬಂದ್ರಿ? ನಿಮ್ಮ ಸನಾಗೆ ಸೀಟಿಲ್ಲ ಅಂತ ಜರ್ಮನಿಯಿಂದ ಉತ್ತರ ಬಂದು ನಾಲ್ಕು ದಿನ ಆಗಿಲ್ಲ. ಅಷ್ಟರಲ್ಲಿ ಲೇತ್ ನಿಲ್ಲಿಸಿ, ಭದ್ರಾವತಿಯಿಂದ ಬಸ್ ಹತ್ತಿ, ಈ ಗಾಂಧಿ ಬಜಾರಿನ ಸಂದಿಗೆ ನನ್ನ ಮುಖ ನೋಡೋಕೆ ಬಂದ್ರಾ? ತಡೀರಿ, ಮಧ್ಯ ಬಾಯಿ ಹಾಕ್ಬೇಡಿ. ನಾನು ಹೇಳಿ ಮುಗಿಸ್ತೀನಿ.

ಯೋಗರಾಜ್ ಅಂದ್ರೆ ಯಾರು ಅಂತ ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಹೊರದೇಶಕ್ಕೆ ಓದೋಕೆ ಹೋಗೋ ಮಕ್ಕಳ ಕನ್ನಡ ಕಾಗದ ಇಂಗ್ಲಿಷ್ ಆಗೋದು ಈ ಮೇಜಿನ ಮೇಲೆ. ಹದಿನೇಳು ವರ್ಷ ಆಯ್ತು, ಒಂದು ಕಾಗದ ವಾಪಸ್ ಬಂದಿಲ್ಲ. ಯಾಕೆ? ಕಾಗದದ ಮೇಲೆ ಏನಿದೆಯೋ ಅದೆಲ್ಲ ಬರೀತೀನಿ. ಸೀಲು ಅರ್ಧ ಬಿದ್ದಿದ್ರೆ ಅರ್ಧ ಬಿದ್ದಿದೆ ಅಂತ ಬರೀತೀನಿ. ಗುಮಾಸ್ತ ಹೊಡೆದುಹಾಕಿ ತಿದ್ದಿದ್ರೆ ಅದನ್ನೂ ಬರೀತೀನಿ. ಒಂದ್ಸಲ ಯಾರದ್ದೋ ಟಿ.ಸಿ. ಮೇಲೆ ಕಾಫಿ ಲೋಟದ ಗುರುತಿತ್ತು. "ದುಂಡಗಿನ ಕಲೆ, ಓದಲು ಅಡ್ಡಿಯಿಲ್ಲ" ಅಂತ ಅದನ್ನೂ ಬರೆದೆ! ಯಾಕೆ ನಗ್ತೀರಿ? ನಗೋ ವಿಷಯ ಅಲ್ಲ ಮಾರಾಯ್ರೆ. "ಏನನ್ನೂ ಸೇರಿಸಿಲ್ಲ, ಏನನ್ನೂ ಬಿಟ್ಟಿಲ್ಲ" ಅಂತ ಕೊನೇಲಿ ಸಹಿ ಹಾಕೋನು ನಾನು. ಆಮೇಲೆ ಕವರಿಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸೀಲು ಒತ್ತೋನೂ ನಾನೇ. ಮನೆಯವರೂ ಅದನ್ನ ಒಡೆದು ನೋಡೋ ಹಾಗಿಲ್ಲ.

ಇನ್ನು ನಿಮ್ಮ ಮಗಳ ವಿಷಯ. ಅವಳ ಗುಣನಡತೆ ಪತ್ರದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಇತ್ತಾ ಇಲ್ವಾ? "ರಸಾಯನಶಾಸ್ತ್ರದ ರೆಕಾರ್ಡ್ ನಕಲು ಮಾಡಿದ ಪ್ರಕರಣದಲ್ಲಿ ಎಚ್ಚರಿಕೆ ನೀಡಲಾಗಿದೆ." ಬರೆದದ್ದು ಪ್ರಿನ್ಸಿಪಾಲ್ ಕೊಟ್ರಬಸಪ್ಪನವರು. ನಾನಲ್ಲ! ಅವರು ರಿಟೈರ್ ಆಗಿ ಊರು ಸೇರಿದ್ರು, ತೆಗೀರಿ ಅಂತ ಕೇಳೋಕೂ ಸಿಗಲ್ಲ. ನಾನು ಅದನ್ನ ಇಂಗ್ಲಿಷಿಗೆ ಹಾಕಿದೆ, ಅಷ್ಟೇ. ಆ ಸಾಲಿಗೇ ಸೀಟು ಹೋಯ್ತು ಅಂದ್ರೆ ನಾನು ಹೊಣೆಯಾ?

ಅವತ್ತು ಇದೇ ಕುರ್ಚಿಯಲ್ಲಿ ಕೂತು ನೀವೇನು ಕೇಳಿದ್ರಿ, ನೆನಪಿದೆಯಾ? "ಆ ಒಂದು ಸಾಲು ಬಿಟ್ಟುಬಿಡಿ ಯೋಗರಾಜಣ್ಣ, ಮಗುವಿನ ಬಾಳು" ಅಂತ ಕೈ ಮುಗಿದ್ರಿ. ಆ ಕೈಯ ಗ್ರೀಸ್ ಕೂಡ ಹೋಗಿರ್ಲಿಲ್ಲ. ನಾನೇನಂದೆ? ನನ್ನ ಸ್ವಂತ ಮಗಳದ್ದಾದ್ರೂ ಬಿಡಲ್ಲ ಸಾಹೇಬ್ರೆ ಅಂದೆ. ಅಂದೆನೋ ಇಲ್ವೋ? ನೀವು ತಲೆ ತಗ್ಗಿಸಿ ಇಳಿದು ಹೋದ್ರಿ. ಹೆತ್ತವರಿಗೆ ಹೆಗ್ಗಣ ಮುದ್ದು. ಮುದ್ದು ಮಾಡಿ, ಯಾರು ಬೇಡ ಅಂದ್ರು? ಆದ್ರೆ ನಿಮ್ಮ ಹೆಗ್ಗಣಕ್ಕೆ ನಾನ್ಯಾಕೆ ಸುಳ್ಳು ಬರೀಲಿ?

ಏನು? ಏನಂದ್ರಿ? ಭೂಮಿಕಾ ಯಾವಾಗ ಹೊರಡ್ತಾಳೆ ಅಂತಾನಾ?

ಯಾಕೆ? ಅವಳ ಹೆಸರು ಯಾಕೆ ಎತ್ತಿದ್ರಿ ಈಗ? ಸುಮ್ನೆ ಕೇಳಿದ್ರಾ! ಸುಮ್ನೆ ಯಾರೂ ಕೇಳಲ್ಲ ಸಾಹೇಬ್ರೆ. ಹೌದು, ನನ್ನ ಮಗಳಿಗೆ ಸೀಟು ಸಿಕ್ತು. ಅದೇ ಯೂನಿವರ್ಸಿಟಿ, ಅದೇ ಕೋರ್ಸು. ಬುಧವಾರ ಹೊರಡ್ತಾಳೆ. ಹೊಟ್ಟೆ ಉರೀತಾ? ಕಷ್ಟಪಟ್ಟು ಓದಿದ್ಲು, ಸಿಕ್ತು. ಅವಳ ಪತ್ರದಲ್ಲಿ ಕೆಂಪು ಗಿಂಪು ಏನೂ ಇರ್ಲಿಲ್ಲ, ಶುದ್ಧವಾಗಿತ್ತು.

ಹಾಗ್ಯಾಕೆ ನೋಡ್ತಾ ಇದ್ದೀರಿ? ಇರ್ಲಿಲ್ಲ ಅಂದೆನಲ್ಲ.

ಕಣ್ಣು ಬೇರೆ ಕಡೆ ಮಾಡಿ ಮಾರಾಯ್ರೆ... ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ನಾನಲ್ಲ. ಸನಾ ಏನು ಹೇಳಿದ್ಲು ನಿಮಗೆ? ಏನೂ ಇಲ್ವಾ? ನಂಬ್ತೀನಾ ನಾನು! ಪ್ರಿನ್ಸಿಪಾಲ್ರು ಇಬ್ಬರನ್ನೂ ರೂಮಿನ ಬಾಗಿಲಲ್ಲಿ ನಿಲ್ಲಿಸಿ ಅರ್ಧ ಗಂಟೆ ಬೈದಿದ್ದು ಮನೇಲಿ ಹೇಳದೆ ಇರ್ತಾಳಾ...

ಹೌದು. ಇಬ್ಬರು. ಇಬ್ಬರು ಅಂದೆ. ಅದಕ್ಕೇನೀಗ?

ನಿಮಗೆ... ಗೊತ್ತಿರ್ಲಿಲ್ವಾ? ಜೊತೆಗಿದ್ದವಳು ಯಾರು ಅಂತ ಸನಾ ಹೇಳೇ ಇಲ್ವಾ? ಸುಳ್ಳು. ಎರಡು ವರ್ಷ ಬಾಯಿ ಬಿಡದೆ ಇರ್ತಾಳಾ ಯಾವಳಾದ್ರೂ? ದಿನಾ ಭದ್ರಾವತಿಯಿಂದ ಬರ್ತಿದ್ಲು, ಮಧ್ಯಾಹ್ನ ನಮ್ಮ ರಾಗಿಗುಡ್ಡದ ಮನೇಲೇ ಊಟ. ಅಲ್ಲೇ ಕೂತು ರೆಕಾರ್ಡ್ ಬರೀತಿದ್ಲು. ಅವಳು ತಲೆ ಬಗ್ಗಿಸಿ ಬರೀತಿದ್ಲು, ನನ್ನ ಮಗಳು ಪಕ್ಕದಲ್ಲಿ ಕೂತು ನೋಡಿ ನೋಡಿ ಇಳಿಸ್ತಿದ್ಲು! ತಿಳೀತಾ? ನಕಲು ಮಾಡಿದ್ದು ಭೂಮಿಕಾ! ನಿಮ್ಮ ಮಗಳು ಪುಸ್ತಕ ಕೊಟ್ಲು, ಅಷ್ಟೇ ಅವಳ ತಪ್ಪು. ಕೊಟ್ರಬಸಪ್ಪನವರು ಕೊಟ್ಟವಳಿಗೂ ಹಾಕಿದ್ರು, ಇಳಿಸಿದವಳಿಗೂ ಹಾಕಿದ್ರು, ಒಂದೇ ಸಾಲು, ಒಂದೇ ಶಾಯಿ.

ಏನಾದ್ರೂ ಅನ್ನಿ! ಹೀಗೆ ಕಲ್ಲು ಕೂತ ಹಾಗೆ ಕೂತ್ರೆ...

ಬಿಟ್ಟೆ. ಭೂಮಿಕಾದು ಬಿಟ್ಟೆ. ಎರಡೂ ಒಂದೇ ದಿನ ಮಾಡಿದ್ದು ಕಣ್ರೀ, ನೀವು ಇಳಿದು ಹೋದ ಮಧ್ಯಾಹ್ನವೇ. ಮೊದಲು ಸನಾದು. ಕೆಂಪು ಸಾಲು ಹಾಕಿ, ಕವರು ಅಂಟಿಸಿ, ಸೀಲು ಒತ್ತಿದೆ. ಎರಡನೇದಕ್ಕೆ ಕೈ ಹಾಕಿದಾಗ ಅವಳೇ ಬಂದು ಇಲ್ಲಿ ನಿಂತ್ಲು. "ಅಪ್ಪಾ" ಅಂದ್ಲು. ಬೇರೇನೂ ಅನ್ನಲಿಲ್ಲ. ನಾನು ಆ ಸಾಲು ದಾಟಿ ಸಹಿಗೆ ಹೋಗ್ಬಿಟ್ಟೆ. ಸನಾದನ್ನ ಮತ್ತೆ ಒಡೆದು ಬರೀಬಹುದಿತ್ತು. ಕವರು ಮೇಜಿನ ಮೇಲೇ ಇತ್ತು. ಒಡೀಲಿಲ್ಲ. ಯಾಕೆ ಅಂತ ಕೇಳ್ಬೇಡಿ. ಇಬ್ಬರದ್ದೂ ಶುದ್ಧ ಆದ್ರೆ ಮಾರ್ಕ್ಸ್ ನೋಡ್ತಾರೆ, ಮಾರ್ಕ್ಸ್ ನೋಡಿದ್ರೆ ಸನಾನೇ ಮುಂದೆ... ಥೂ, ಹೇಳ್ಬಿಟ್ಟೆ. ಸಮಾಧಾನ ಆಯ್ತಾ? ಇದನ್ನ ನನ್ನ ಬಾಯಿಂದ ಹೊರಡಿಸೋಕೇ ಅಲ್ವಾ ಬಂದದ್ದು? ಹೂಂ, ಈಗ ಮಾತಾಡಿ. ಈಗ ನಿಮ್ಮ ಸರದಿ. ಯಾಕೆ ಬಂದ್ರಿ?

...ಏನು?

ಮತ್ತೊಂದ್ಸಲ ಹೇಳಿ.

ತಪ್ಪಾಯ್ತು ಅಂತ ಹೇಳೋಕಾ? ನೀವಾ... ನನಗಾ? ಅವತ್ತು ಸಾಲು ಬಿಡಿ ಅಂತ ಕೇಳಿದ್ದು ನಿಮಗೆ ನಾಚಿಕೆ ಆಯ್ತಾ? ನೇರವಾಗಿ ಇರೋ ಮನುಷ್ಯನ ಹತ್ತಿರ ಸುಳ್ಳು ಬರೀ ಅಂದೆನಲ್ಲ ಅಂತ... ಅಷ್ಟು ಹೇಳೋಕೆ ಭದ್ರಾವತಿ ಓಲ್ಡ್ ಟೌನಿಂದ ಬಂದ್ರಾ?

ಬಾಯಿ ಹಾಕೋಕೆ ನಾನೇ ಬಿಡಲಿಲ್ಲ.

ಏಳ್ಬೇಡಿ. ಸಾಹೇಬ್ರೆ, ಏಳ್ಬೇಡಿ, ಕೂತ್ಕೊಳ್ಳಿ. ಚಹಾ ತರಿಸ್ತೀನಿ. ಸನಾದು ಹೊಸದಾಗಿ ಬರೆದು ಕೊಡ್ತೀನಿ, ಬೇರೆ ಯೂನಿವರ್ಸಿಟಿಗೆ ಹಾಕ್ಲಿ, ಆ ಸಾಲು ಇರಲ್ಲ... ಬೇಡ್ವಾ? ಹಾಗಾದ್ರೆ ಏನು ಬೇಕು? ಬೈಯಿರಿ. ಕುರ್ಚಿ ಎತ್ತಿ ಹೊಡೀರಿ, ನಾನು ತಡೆಯಲ್ಲ. ಆ ಯೂನಿವರ್ಸಿಟಿಗೆ ಬರೀತೀರಾ? ಸನಾ ಇಂಗ್ಲಿಷಲ್ಲಿ ನಾಲ್ಕು ಸಾಲು ಬರೆದು ಹಾಕಿದ್ರೆ ಸಾಕು, ನನ್ನ ಮಗಳು ಬುಧವಾರ ವಿಮಾನ ಹತ್ತಲ್ಲ. ಬರೀತೀರಾ, ಇಲ್ವಾ? ಬಾಗಿಲು ತೆಗೀಬೇಡಿ, ಒಂದು ನಿಮಿಷ... ಚಪ್ಪಲಿ ಆಮೇಲೆ ಹಾಕ್ಕೊಳ್ಳಿ! ಹೌದು ಅನ್ನಿ, ಇಲ್ಲ ಅನ್ನಿ, ಒಂದು ಮಾತು ಆಡಿ ಹೋಗಿ ಸಾಹೇಬ್ರೆ! ಒಂದೇ ಒಂದು ಮಾತು!