ಸಹಿ ಬೇಕಿದ್ದರೆ ಮೆಟ್ಟಿಲಿಳಿಯಿರಿ

ಮೆಟ್ಟಿಲು ಒರೆಸುತ್ತಿದ್ದವಳು ಬೇಕೆಂದು ಕೇಳಿಸಿಕೊಳ್ಳಲಿಲ್ಲ. ಮಾತು ತಾನಾಗಿ ಕಿವಿಗೆ ಬಿತ್ತು. ಮೇಲೆ ನಿಂತಿದ್ದ ಮ್ಯಾನೇಜರನ ಕೈಯಲ್ಲಿ ಅಗ್ನಿಶಾಮಕರ ತರಬೇತಿಗೆ ಮಾಡಿದ, ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ಟಿತ್ತು. ಅದನ್ನು ಪರೀಕ್ಷಿಸುವ ಹುಡುಗಿಯ ಮೊಣಕಾಲಿಗೆ ಪಟ್ಟಿ ಕಟ್ಟಿತ್ತು.

“ಎಐ ನಾಲ್ಕು ಸಾವಿರ ಸಲ ಪರೀಕ್ಷೆ ಮಾಡಿದೆ. ಒಂದು ತಪ್ಪೂ ಸಿಕ್ಕಿಲ್ಲ. ವರದಿಗೆ ಸಹಿ ಹಾಕಮ್ಮ.”

“ಹಾಕಲ್ಲ ಸರ್. ಐದು ನಿಮಿಷ ಹಾಕ್ಕೊಂಡು ತೆಗೆದ್ರೆ ತಲೆ ಗಿರ್ರ್ ಅನ್ನುತ್ತೆ.”

“ಎಐ ಹಾಗೇನೂ ಹೇಳಿಲ್ವಲ್ಲ.”

“ಅದು ಮೆಟ್ಟಿಲಿಂದ ಉರುಳಿಲ್ವಲ್ಲ ಸರ್. ಉರುಳಿದ್ದು ನಾನು.”

“ನಾಳೆ ಒಪ್ಪಿಸ್ಬೇಕು. ಹಟ ಮಾಡ್ಬೇಡ.”

“ಸರಿ, ನೀವೂ ಐದು ನಿಮಿಷ ಹಾಕ್ಕೊಳ್ಳಿ. ಆಮೇಲೆ ಈ ಮೆಟ್ಟಿಲು ಇಳ್ಕೊಂಡು ಬನ್ನಿ. ಪೆನ್ನು ಹಿಡ್ಕೊಂಡು ಕೆಳಗೇ ನಿಂತಿರ್ತೀನಿ.”

ಅವಳು ಕುಂಟುತ್ತಾ ಇಳಿದಳು. ಒರೆಸುವವಳು ಬಕೆಟ್ಟು ಸರಿಸಿ ಮ್ಯಾನೇಜರನಿಗೆ ದಾರಿ ಬಿಟ್ಟಳು.

ಅವನು ಹೆಡ್‌ಸೆಟ್ಟನ್ನು ಕಂಕುಳಿಗೆ ಸೇರಿಸಿ ಲಿಫ್ಟಿನ ಗುಂಡಿ ಒತ್ತಿದ.